ಹಿತ್ತಿಲಿನ ಸೌದೆ ಬಾಯ್ಲರು: ಉರಿಸುವ ಬಗೆ, ಕಾಪಾಡುವ ಬಗೆ



ನಮ್ಮಲ್ಲಿ ಹೆಚ್ಚಿನವರ ಮನೆಯ ಹಿತ್ತಿಲಲ್ಲಿ ಒಂದು ಸೌದೆ ಬಾಯ್ಲರು ಇದ್ದೇ ಇದೆ. ಹಿಂದೆ ಬಚ್ಚಲುಮನೆಯ ಗೋಡೆಗೆ ತಾಮ್ರದ ಹಂಡೆಯನ್ನು ಹೂತು, ಹೊರಗಿನಿಂದ ಬೆಂಕಿ ಹಾಕುವ ಏರ್ಪಾಡು ಇತ್ತು. ಈಗ ಹಂಡೆಯ ಜಾಗಕ್ಕೆ ತಾಮ್ರದ ಅಥವಾ ಕಬ್ಬಿಣದ ಡ್ರಮ್ಮು ಬಂದು, ಅದರಿಂದ ಕೊಳವೆಯ ಮೂಲಕ ಎರಡು ಮೂರು ಬಚ್ಚಲುಗಳಿಗೂ ಅಡಿಗೆಮನೆಗೂ ಬಿಸಿನೀರು ಹರಿಯುತ್ತದೆ. ಮಾಡಿನ ಮೇಲೆ ಸೋಲಾರ್ ಕೂರಿಸಿದವರೂ ಇದನ್ನು ಕಿತ್ತು ಹಾಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಸೂರ್ಯನನ್ನು ನಂಬಿ ಸ್ನಾನಕ್ಕೆ ಹೊರಡುವಂತಿಲ್ಲ; ಕರೆಂಟಿನ ಮಾತಂತೂ ಬೇಡವೇ ಬೇಡ.

ತೋಟದ ವಿಚಾರ ಬಿಟ್ಟು ಕಾರ್ಯದರ್ಶಿಗಳು ಬಚ್ಚಲಿಗೆ ಏಕೆ ಹೋದರು ಎಂದು ಕೆಲವರು ಕೇಳಬಹುದು. ವರ್ಷವಿಡೀ ಪ್ರತಿದಿನ ಉರಿಯುವ ಒಲೆ ಇದು. ಪಂಪುಸೆಟ್ಟಿಗೆ ಎಣ್ಣೆ, ಸ್ಪ್ರೇಯರಿಗೆ ವಾಷರು ಎಂದು ಓಡಾಡುವ ನಾವು, ಈ ಒಲೆಯನ್ನು ಒಮ್ಮೆ ಕಟ್ಟಿಸಿದ ಮೇಲೆ ಅದರ ಕಡೆ ತಿರುಗಿ ನೋಡುವುದಿಲ್ಲ. ಹೆಂಗಸರು ಹೊಗೆಯಲ್ಲಿ ಕಣ್ಣೊರೆಸಿಕೊಂಡು ಊದುಗೊಳವೆ ಊದುತ್ತಾ ಹೇಗೋ ನಡೆಸಿಕೊಂಡು ಹೋಗುತ್ತಾರೆ. ತಿರುಗಿ ನೋಡದಿದ್ದುದಕ್ಕೆ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಮುಂದೆ ಬರೆದಿದ್ದೇವೆ.

ಮೊದಲು ಒಂದು ಲೆಕ್ಕ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿ ಮಾಡಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಮಳೆಗಾಲದ ನಮ್ಮ ನೀರು 20 ಡಿಗ್ರಿ ಇದೆಯೆಂದು ಇಟ್ಟುಕೊಳ್ಳೋಣ. ಅದನ್ನು 50 ಡಿಗ್ರಿಗೆ ಏರಿಸಲು 100 ಲೀಟರಿಗೆ 3,000 ಕಿಲೋ ಕ್ಯಾಲೊರಿ ಸಾಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3,500 ಕಿಲೋ ಕ್ಯಾಲೊರಿ ಶಾಖ ಇರುತ್ತದೆ. ಹಾಗೆ ನೋಡಿದರೆ ಒಂದು ಕಿಲೋ ಸೌದೆಯಲ್ಲಿ ಇಡೀ ಮನೆಯವರ ಸ್ನಾನ ಮುಗಿಯಬೇಕು. ಯಾರ ಮನೆಯಲ್ಲಿ ಮುಗಿಯುತ್ತದೆ, ಹೇಳಿ? ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿಸಿದರೆ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಆಗ ಅದೇ 100 ಲೀಟರಿಗೆ ಎಂಟೊಂಬತ್ತು ಕಿಲೋ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ ಮೂರರಲ್ಲೊಂದು ಪಾಲು ನೀರಿಗೆ ಸೇರುವಂತೆ ಮಾಡಬಹುದು. ಮೂರು ಕಿಲೋದೊಳಗೆ ಕೆಲಸ ಮುಗಿಯುತ್ತದೆ. ದಿನಕ್ಕೆ ಆರು ಕಿಲೋ ಉಳಿದರೆ ವರ್ಷಕ್ಕೆ ಎರಡು ಟನ್ನಿಗೂ ಮೇಲೆ ಸೌದೆ ಉಳಿಯಿತು. ಅಷ್ಟನ್ನು ಕಡಿದು, ಹೊತ್ತು, ಸೀಳಿ ಹಾಕುವ ಆಳಿನ ಕೂಲಿಯನ್ನು ಇಂದಿನ ದರದಲ್ಲಿ ಸದಸ್ಯರೇ ಹಾಕಿ ನೋಡಿಕೊಳ್ಳಬಹುದು.

ಇದು ಹೊಸ ಮಾತೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ಅಡಿಗೆಯ ಒಲೆಯನ್ನೂ ಬಚ್ಚಲ ಒಲೆಯನ್ನೂ ಸುಧಾರಿಸಿದ್ದು ನಮ್ಮ ಹಿರಿಯ ಸದಸ್ಯರಿಗೆ ನೆನಪಿರುತ್ತದೆ. 1983ರ ನಂತರ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಯೋಜನೆಯಲ್ಲಿ 'ಅಸ್ತ್ರ ಒಲೆ' ಊರೂರಿಗೆ ಬಂತು. ಒಲೆ ಒಳ್ಳೆಯದೇ ಇತ್ತು. ಆದರೆ ನಮ್ಮ ಸುತ್ತಿನ ಅನೇಕ ಮನೆಗಳಲ್ಲಿ ಉದ್ದ ಕೊಳ್ಳಿ ತೂರಿಸಲೆಂದು ಒಲೆಯ ಬಾಯನ್ನು ಒಡೆದು ಅಗಲ ಮಾಡಿದರು. ಹೊಗೆ ಕೊಳವೆಯನ್ನು ಒಬ್ಬರೂ ಗುಡಿಸಲಿಲ್ಲ. ಎರಡು ಮೂರು ಮಳೆಗಾಲದಲ್ಲಿ ಕೊಳವೆ ಕಟ್ಟಿ ಹೊಗೆ ಒಳಗೇ ತುಂಬಿತು. ತಪ್ಪನ್ನು ಮಾತ್ರ ಒಲೆಯ ತಲೆಗೆ ಕಟ್ಟಿದೆವು.

ಸೌದೆಯ ವಿಚಾರ

ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೋ ಹಸಿ ಸೌದೆ ಒಲೆಗೆ ಹಾಕಿದರೆ ಅರ್ಧ ಕಿಲೋ ಮರ, ಅರ್ಧ ಲೀಟರು ನೀರು ಹಾಕಿದಂತಾಯಿತು. ಆ ನೀರು ಆವಿಯಾಗಿ ಹೋಗಲು ಸುಮಾರು 300 ಕಿಲೋ ಕ್ಯಾಲೊರಿ ತಿನ್ನುತ್ತದೆ. ಇದು ಕಣ್ಣಿಗೆ ಕಾಣುವ ನಷ್ಟ. ಇದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಮರ ಉರಿಯುವುದೆಂದರೆ ಮರವೇ ನೇರವಾಗಿ ಉರಿಯುವುದಲ್ಲ. ಶಾಖಕ್ಕೆ ಮರದಿಂದ ಅನಿಲಗಳು ಹೊರಡುತ್ತವೆ. ಒಣ ಮರದ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೊರಡುತ್ತದೆ. ಉಳಿದ ಕಾಲು ಪಾಲು ಕೆಂಡ. ನಾವು ಕಾಣುವ ಜ್ವಾಲೆ ಆ ಅನಿಲ ಉರಿಯುತ್ತಿರುವುದು. ಅದು ಪೂರ್ತಿ ಉರಿಯಬೇಕಾದರೆ ಒಲೆಯ ಒಳಗೆ 600 ಡಿಗ್ರಿಯಾದರೂ ಬಿಸಿ ಇರಬೇಕು, ಗಾಳಿಯೂ ಸಾಕಷ್ಟು ಬೇಕು. ಹಸಿ ಸೌದೆಯ ಆವಿ ಒಲೆಯನ್ನು ತಣ್ಣಗೆ ಮಾಡುತ್ತದೆ. ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಕೊಳವೆಯಿಂದ ದಪ್ಪ ಹಳದಿ ಮಿಶ್ರಿತ ಬಿಳಿ ಹೊಗೆ ಏಳುತ್ತಿದೆಯೆಂದರೆ ನಿಮ್ಮ ಸೌದೆ ರಾಶಿಯ ಮುಕ್ಕಾಲು ಪಾಲು ಆಕಾಶಕ್ಕೆ ಹೋಗುತ್ತಿದೆಯೆಂದೇ ತಿಳಿಯಿರಿ.

ಡಿಸೆಂಬರ್, ಜನವರಿಯಲ್ಲಿ ನೆರಳು ಕಸಿ ಮಾಡುವಾಗ, ಗಿಡ ಕಿತ್ತಾಗ ಬಂದ ಮರವನ್ನು ಆಗಲೇ ಸೀಳಿಡಬೇಕು. ತೊಗಟೆಯೊಡನೆ ಇಡೀ ದಿಮ್ಮಿಯಾಗಿ ಬಿಟ್ಟರೆ ಎರಡು ಬೇಸಿಗೆ ಕಳೆದರೂ ಒಳಗೆ ಒಣಗುವುದಿಲ್ಲ. ಮುಂಗೈ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ, ಸಾಲು ಸಾಲಿನ ನಡುವೆ ಗಾಳಿಯಾಡುವಂತೆ ಪೇರಿಸಬೇಕು. ಮೇಲೆ ಮಾಡು ಇರಲಿ, ಪಕ್ಕಗಳು ತೆರೆದಿರಲಿ. ನಾಲ್ಕೂ ಕಡೆ ಟಾರ್ಪಾಲು ಸುತ್ತಿ ಕಟ್ಟುವವರಿದ್ದಾರೆ. ಅದು ಸೌದೆ ಒಣಗಿಸುವ ಕ್ರಮವಲ್ಲ, ಬೂಷ್ಟು ಹಿಡಿಸುವ ಕ್ರಮ. ಒಣಗಿತೋ ಇಲ್ಲವೋ ನೋಡಲು ಒಂದು ಸುಲಭ ಉಪಾಯ: ನಾಲ್ಕಾರು ತುಂಡುಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಅಂಗಡಿ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೆಯೇ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ತೂಗಿದರೆ ತೂಕ ಇಳಿಯುವುದು ನಿಂತಾಗ ಸೌದೆ ಸಿದ್ಧ.

ನಮ್ಮಲ್ಲಿ ಸಿಗುವ ಸೌದೆಯಲ್ಲಿ ಹಳೆಯ ಕಾಫಿ ಗಿಡದ ಬೊಡ್ಡೆಯಷ್ಟು ಒಳ್ಳೆಯದು ಮತ್ತೊಂದಿಲ್ಲ. ಗಟ್ಟಿ, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಒಣಗುತ್ತದೆ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಬೆಂಕಿ ಹೊತ್ತಿಸಲು ಸರಿ. ಹಾಲುವಾಣದಲ್ಲಿ ನೀರು ಬಿಟ್ಟರೆ ಬೇರೇನಿಲ್ಲ. ಹೊಲಗೇರಿನ ಜಾತಿಯ ಮರವನ್ನು ಒಲೆಯ ಹತ್ತಿರ ತರಬೇಡಿ. ಅದರ ರಸ ಮೈಗೆ ತಾಗಿದರೆ ಹೇಗೆ ಬೊಕ್ಕೆ ಏಳುತ್ತದೆಂದು ಎಲ್ಲರಿಗೂ ಗೊತ್ತು, ಹೊಗೆಯನ್ನೂ ನಂಬುವಂತಿಲ್ಲ.

ಅರೇಬಿಕಾ ಬೆಳೆಗಾರರು ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಬೇಕು. ಬಿಳಿ ಕಾಂಡಕೊರಕ ಹಿಡಿದ ಗಿಡಗಳನ್ನು ಕಿತ್ತು ತಂದು 'ಹೇಗೂ ಸೌದೆಯಾಗುತ್ತದೆ' ಎಂದು ಕೊಟ್ಟಿಗೆಯಲ್ಲಿ ಪೇರಿಸುವವರು ಬಹಳ ಮಂದಿ. ಗಿಡ ಸತ್ತಿತೆಂದು ಒಳಗಿನ ಹುಳು ಸಾಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಇನ್ನೊಮ್ಮೆ ದುಂಬಿ ಹೊರಬಿದ್ದು, ನಿಮ್ಮ ಸೌದೆ ಕೊಟ್ಟಿಗೆಯಿಂದಲೇ ಹಾರಿ ಹೋಗಿ ಒಳ್ಳೆಯ ಗಿಡದ ಮೇಲೆ ಮೊಟ್ಟೆ ಇಡುತ್ತದೆ. ಗುರುತಿಸಿ ಕಿತ್ತ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತಾಗುತ್ತದೆ. ಅಂಥ ಗಿಡಗಳನ್ನು ಕಿತ್ತ ಕೂಡಲೆ ಸುಟ್ಟುಬಿಡಬೇಕು. ಸೌದೆಗೆ ಇಡಲೇಬೇಕೆಂದಿದ್ದರೆ ಒಂದು ವಾರದಿಂದ ಹತ್ತು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಹುಳು ಸತ್ತ ಮೇಲೆ ಒಣಗಿಸಬೇಕು. ಒಣ ಸೌದೆಯ ಬಗ್ಗೆ ಇಷ್ಟು ಹೇಳಿ ನೀರಲ್ಲಿ ಮುಳುಗಿಸಿ ಎನ್ನುತ್ತಾರಲ್ಲ ಎಂದು ನಗಬೇಡಿ. ಹೊರಗಿನಿಂದ ಹೀರಿದ ನೀರು ಬೇಸಿಗೆಯ ಬಿಸಿಲಿಗೆ ಬೇಗ ಆರಿ ಹೋಗುತ್ತದೆ.

ಒಲೆಯೊಳಗೆ ಸೌದೆಯಲ್ಲದ ಏನೂ ಹೋಗಬಾರದು. ಪ್ಲಾಸ್ಟಿಕ್ ಚೀಲ, ಪಿ.ವಿ.ಸಿ. ಪೈಪಿನ ತುಂಡು, ಔಷಧಿಯ ಬಾಟಲು, ಮೈಲುತುತ್ತದ ಚೀಲ, ಬಣ್ಣ ಬಳಿದ ಹಳೆ ಬಾಗಿಲು, ಇವೆಲ್ಲ ಬೆಂಕಿ ಹೊತ್ತಿಸಲು ಅನುಕೂಲವೆಂದು ತುರುಕುವುದನ್ನು ನಾವು ಕಂಡಿದ್ದೇವೆ. ಪಿ.ವಿ.ಸಿ. ಉರಿದರೆ ಹೊರಡುವ ಆಮ್ಲ ಡ್ರಮ್ಮನ್ನೂ ಕೊಳವೆಯನ್ನೂ ತಿನ್ನುತ್ತದೆ. ಅದರ ವಿಷದ ಹೊಗೆ ಒಲೆ ಮುಂದೆ ಕೂತವರ ಎದೆಗೆ ಇಳಿಯುತ್ತದೆ. ಬೂದಿ ಕೊನೆಗೆ ತೋಟಕ್ಕೇ ಬರುತ್ತದೆ.

ಗಾಳಿ ಮತ್ತು ಉರಿ

ಸೌದೆ ನೆಲದ ಮೇಲೆ ಬೂದಿಯಲ್ಲಿ ಹೂತು ಉರಿಯುವ ಒಲೆಗೂ, ಕಬ್ಬಿಣದ ಜಾಲರಿಯ ಮೇಲೆ ಉರಿಯುವ ಒಲೆಗೂ ಬಹಳ ವ್ಯತ್ಯಾಸ. ಜಾಲರಿ ಇದ್ದರೆ ಕೆಳಗಿನಿಂದ ಗಾಳಿ ಕೆಂಡದ ನಡುವೆಯೇ ಏರುತ್ತದೆ, ಬೂದಿ ತಾನಾಗಿ ಕೆಳಗೆ ಬೀಳುತ್ತದೆ. ಜಾಲರಿಗೂ ಡ್ರಮ್ಮಿನ ತಳಕ್ಕೂ ಒಂದು ಗೇಣಿಗಿಂತ ಕಡಿಮೆ ಅಂತರ ಬೇಡ. ಹತ್ತಿರವಿದ್ದಷ್ಟು ಬೇಗ ಕಾಯುತ್ತದೆ ಎಂಬುದು ತಪ್ಪು ತಿಳುವಳಿಕೆ; ಎಳೆಯ ಜ್ವಾಲೆ ತಣ್ಣನೆಯ ತಗಡಿಗೆ ಬಡಿದರೆ ಅಲ್ಲೇ ಆರಿ ಮಸಿಯಾಗುತ್ತದೆ. ಡ್ರಮ್ಮಿನ ಸುತ್ತ ಗೋಡೆಗೆ ಎರಡು ಅಂಗುಲ ಜಾಗ ಬಿಟ್ಟು, ಬಿಸಿ ಗಾಳಿ ಡ್ರಮ್ಮನ್ನು ಸುತ್ತಿಕೊಂಡು ಮೇಲೇರಿ ಕೊಳವೆಗೆ ಹೋಗುವಂತೆ ಕಟ್ಟಿಸಬೇಕು. ತಳ ಮಾತ್ರ ಕಾಯುವ ಒಲೆಯಲ್ಲಿ ಅರ್ಧ ಶಾಖ ನೇರ ಕೊಳವೆಗೆ ಓಡುತ್ತದೆ. ಒಲೆಯ ಬಾಯಿಗೆ ತಗಡಿನ ಬಾಗಿಲಿರಲಿ.

ಇನ್ನು ಉರಿಸುವ ಬಗೆ. ರಾತ್ರಿ ಮಲಗುವ ಮುಂಚೆ ಒಲೆ ತುಂಬ ದಪ್ಪ ದಿಮ್ಮಿ ತುಂಬಿ, ಬಾಗಿಲು ಮುಚ್ಚಿ, 'ಬೆಳಗಿನವರೆಗೆ ಮುಗುಳುತ್ತಾ ಇರಲಿ' ಎನ್ನುವುದು ನಮ್ಮಲ್ಲಿ ಹಲವರ ಅಭ್ಯಾಸ. ಈ ವಿಷಯದಲ್ಲಿ ಅಮೆರಿಕದವರ ಅನುಭವ ಕೇಳುವಂತಿದೆ. ಅಲ್ಲಿನ ಉತ್ತರದ ರಾಜ್ಯಗಳಲ್ಲೂ ಕೆನಡಾದ ಹಳ್ಳಿಗಳಲ್ಲೂ ಮನೆಯಿಂದ ದೂರದಲ್ಲಿ ಸಣ್ಣ ಕೊಟ್ಟಿಗೆಯಂಥ ಕಬ್ಬಿಣದ ಒಲೆಯನ್ನು ನಿಲ್ಲಿಸುತ್ತಾರೆ. ಒಲೆಯ ಸುತ್ತ ನೀರಿನ ಕವಚ. ಕಾದ ನೀರು ನೆಲದೊಳಗಿನ ಕೊಳವೆಯಲ್ಲಿ ಮನೆಗೆ ಹೋಗಿ ಕೋಣೆಗಳನ್ನೆಲ್ಲ ಬೆಚ್ಚಗಿಡುತ್ತದೆ. ದಿನಕ್ಕೆ ಒಂದೆರಡು ಬಾರಿ ಸೌದೆ ತುಂಬಿದರೆ ಸಾಕು. ನೀರು ಸಾಕಷ್ಟು ಕಾದ ಕೂಡಲೆ ಗಾಳಿಯ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕೇಳಲು ಸೊಗಸಾಗಿದೆ. ಆದರೆ ಗಾಳಿ ಸಿಗದ ಬೆಂಕಿ ಗಂಟೆಗಟ್ಟಲೆ ಮುಗುಳಿ, ಸುತ್ತಲ ನೀರಿನಿಂದ ಒಲೆಯ ಗೋಡೆಗಳೂ ತಣ್ಣಗಿದ್ದು, ಹೊಗೆಯೋ ಹೊಗೆ. ಕೊಳವೆ ಗಿಡ್ಡವಾದ್ದರಿಂದ ಅದು ನೆರೆಮನೆಗೇ ಹೋಗಿ, ತಕರಾರುಗಳು ಎದ್ದವು. 2015ರಲ್ಲಿ ಅಲ್ಲಿನ ಪರಿಸರ ಇಲಾಖೆ ಇಂಥ ಹೊಸ ಒಲೆಗಳು ಎಷ್ಟು ಹೊಗೆ ಬಿಡಬಹುದೆಂದು ಮಿತಿ ಹಾಕಿತು. 2020ರಿಂದ ಆ ಮಿತಿಯನ್ನು ಇನ್ನೂ ಬಿಗಿ ಮಾಡಿತು. ಅನಿಲವನ್ನು ಬೇರೊಂದು ಕೋಣೆಯಲ್ಲಿ ಪೂರ್ತಿ ಉರಿಸುವ ಒಲೆಗಳು ಈಗ ಅಲ್ಲಿ ಮಾರಾಟಕ್ಕಿವೆ.

ನಮಗೆ ಅಷ್ಟು ಯಂತ್ರ ಬೇಡ. ಶಾಖವನ್ನು ಸೌದೆಯಲ್ಲಿ ಕೂಡಿಡದೆ ನೀರಿನಲ್ಲಿ ಕೂಡಿಟ್ಟರಾಯಿತು. ಸಣ್ಣ ಸೀಳು, ಜೋರಾದ ಉರಿ, ಒಂದು ಗಂಟೆ. ನೀರು ಕಾದ ಮೇಲೆ ಬೆಂಕಿ ತಾನಾಗಿ ಆರಲಿ. ಡ್ರಮ್ಮಿನ ಮೇಲ್ಭಾಗಕ್ಕೆ ಮಣ್ಣು, ಭತ್ತದ ಹೊಟ್ಟು ಕಲಸಿ ನಾಲ್ಕು ಅಂಗುಲ ಮೆತ್ತಿದರೆ ರಾತ್ರಿ ಕಾಸಿದ ನೀರು ಬೆಳಿಗ್ಗೆಯೂ ಸ್ನಾನಕ್ಕೆ ಆಗುತ್ತದೆ.

ಹೊಗೆ ಕೊಳವೆ

ಮುಗುಳುವ ಬೆಂಕಿಯ ಇನ್ನೊಂದು ಫಲ ಕೊಳವೆಯೊಳಗೆ ಕಾಣುತ್ತದೆ. ಉರಿಯದ ಹೊಗೆ ತಣ್ಣನೆಯ ಕೊಳವೆಗೆ ತಾಗಿ, ಡಾಂಬರಿನಂತೆ ಕಪ್ಪಗೆ ಅಂಟುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಮೊದಲು ಜಿನುಗು, ಆಮೇಲೆ ಹೊಳೆಯುವ ಗಟ್ಟಿ ಪದರ. ಮಸಿಯಂತಲ್ಲ, ಇದು ಒಳ್ಳೆಯ ಉರುವಲು. ಒಂದು ದಿನ ಒಣ ಅಡಿಕೆ ಹಾಳೆಯನ್ನೋ ತೆಂಗಿನ ಗರಿಯನ್ನೋ ತುರುಕಿ ಜೋರು ಉರಿ ಮಾಡಿದಾಗ ಕೊಳವೆಯೇ ಒಳಗಿನಿಂದ ಹತ್ತಿಕೊಳ್ಳುತ್ತದೆ. ಗಾಳಿ ಬೀಸಿದಂಥ ಗುಂಯ್ ಶಬ್ದ, ಕೆಂಪಗೆ ಕಾದ ತಗಡು, ಮೇಲಿನಿಂದ ಕಿಡಿ. ಪಕ್ಕದಲ್ಲೇ ಸೋಗೆಯ ಮಾಡೋ, ಅಡಿಕೆ ಸಿಪ್ಪೆಯ ರಾಶಿಯೋ ಇದ್ದರೆ ಮುಂದಿನದನ್ನು ಬರೆಯಬೇಕಾಗಿಲ್ಲ. ಹಾಗೇನಾದರೂ ಆದರೆ ಒಲೆಯ ಬಾಯಿ, ಬೂದಿ ಗುಂಡಿಯ ಬಾಯಿ ಎರಡನ್ನೂ ತಗಡು ಅಥವಾ ಒದ್ದೆ ಮಣ್ಣಿನಿಂದ ಮುಚ್ಚಿ ಗಾಳಿ ನಿಲ್ಲಿಸಬೇಕು. ಕೊಳವೆಯೊಳಕ್ಕೆ ನೀರು ಸುರಿಯಬಾರದು. ಕಾದ ಕೊಳವೆ ಬಿರಿಯುತ್ತದೆ, ಆವಿ ಹಿಂದಕ್ಕೆ ನುಗ್ಗುತ್ತದೆ. ಮನೆಯವರನ್ನು ಹೊರಗೆ ಕಳಿಸಿ, ಮಾಡಿನ ಮೇಲೆ ಮಾತ್ರ ನೀರು ಹಾಕುತ್ತಿರಿ.

ಒಳ ಪದರ ಕಾಲು ಅಂಗುಲ ಆಗುವುದಕ್ಕೆ ಬಿಡದೆ ಗುಡಿಸಿದರೆ ಈ ಭಯವಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಉಳಿದ ದಿನಗಳಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ಒಲೆ ಪೂರ್ತಿ ಆರಿದ ಮೇಲೆ, ಉದ್ದ ಬಿದಿರಿಗೆ ತಂತಿ ಬ್ರಷ್ಷು ಕಟ್ಟಿ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೊಳವೆಗೆ ಆದಷ್ಟು ಬಾಗು ಬೇಡ. ಬಾಗು ಇದ್ದಲ್ಲಿ ಮಸಿ ತೆಗೆಯಲು ಒಂದು ಕಿಂಡಿ ಇಡಿಸಿ. ಕೊಳವೆಯ ತುದಿ ಮಾಡಿನ ಕೋಳಿಗಿಂತ ಎರಡು ಮೂರು ಅಡಿ ಎತ್ತರ ಹೋಗಬೇಕು, ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ. ಮಳೆ ಬೀಳದಂತೆ ಟೋಪಿ ಬೇಕು. ಕಿಡಿ ತಡೆಯಲು ಜಾಲರಿ ಹಾಕಿಸಿದ್ದರೆ ಮೊದಲು ಕಟ್ಟುವುದೇ ಅದು. ಹೊಗೆ ಹಿಂದಕ್ಕೆ ಬರಲು ಶುರುವಾದರೆ ಅಲ್ಲಿ ನೋಡಿ.

ಗಾಳಿ ಕೊಳವೆ: ನಮ್ಮ ಮನೆಯ ಕಥೆ

ಇದುವರೆಗಿನದು ಸೌದೆ, ಹಣ, ಹೊಗೆಯ ಮಾತು. ಇನ್ನು ಮುಂದಿನದು ಜೀವದ ಮಾತು.

ಮೇಲಿನ ಟ್ಯಾಂಕಿಯಿಂದ ತಣ್ಣೀರು ಡ್ರಮ್ಮಿನ ತಳಕ್ಕೆ ಬರುತ್ತದೆ, ಬಿಸಿನೀರು ಮೇಲಿನಿಂದ ಬಚ್ಚಲಿಗೆ ಹೋಗುತ್ತದೆ. ಇವೆರಡಲ್ಲದೆ ಡ್ರಮ್ಮಿನ ನೆತ್ತಿಯಿಂದ ಮೂರನೆಯದೊಂದು ಕೊಳವೆ ನೇರ ಮೇಲೇರಿ, ಟ್ಯಾಂಕಿಯ ನೀರಿನ ಮಟ್ಟಕ್ಕಿಂತ ಎರಡು ಮೂರು ಅಡಿ ಎತ್ತರದಲ್ಲಿ ಬಾಯಿ ತೆರೆದು ನಿಂತಿರಬೇಕು. ಇದೇ ಗಾಳಿ ಕೊಳವೆ. ನೀರು ಕುದಿದರೆ ಆವಿ ಇದರಿಂದ ಹೊರಗೆ ಹೋಗುತ್ತದೆ. ನೀರು ಆವಿಯಾದಾಗ ಅದಕ್ಕೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಜಾಗ ಕೊಡುವುದು ಈ ಕೊಳವೆ.

ನಮ್ಮ ಮನೆಯಲ್ಲಿ ಆ ಕೊಳವೆ ಗಿಡ್ಡವಿತ್ತು. ಟ್ಯಾಂಕಿ ತುಂಬಿದಾಗಲೆಲ್ಲ ಅದರಿಂದ ಬಿಸಿನೀರು ಸೋರಿ ಅಂಗಳ ರಾಡಿಯಾಗುತ್ತಿತ್ತು. ಕೊಳವೆಯನ್ನು ಎತ್ತರಿಸಬೇಕಿತ್ತು. ನಾವು ಬಿ.ಎಸ್ಸಿ. ಓದಿದವರು, ಅದಕ್ಕೆ ಒಂದು ವಾಲ್ವ್ ಹಾಕಿಸಿ ಮುಚ್ಚಿಸಿದೆವು. ಸೋರುವುದು ನಿಂತಿತು. ಎರಡು ವರ್ಷ ಏನೂ ಆಗಲಿಲ್ಲ, ಏಕೆಂದರೆ ನೀರು ಉಬ್ಬಿದಾಗ ತಣ್ಣೀರಿನ ಕೊಳವೆಯಲ್ಲೇ ಹಿಂದಕ್ಕೆ ಟ್ಯಾಂಕಿಗೆ ಹೋಗುತ್ತಿತ್ತು. 2009ರ ಮಳೆಗಾಲದಲ್ಲಿ ಒಂದು ದಿನ ಟ್ಯಾಂಕಿ ತೊಳೆಯಲೆಂದು ತಣ್ಣೀರಿನ ಗೇಟ್ ವಾಲ್ವನ್ನೂ ಮುಚ್ಚಿದೆವು. ಸಂಜೆ ವಾಡಿಕೆಯಂತೆ ಬೆಂಕಿ ಹಾಕಿದ್ದಾಯಿತು. ಬಚ್ಚಲಿನ ನಲ್ಲಿಗಳು ಮುಚ್ಚಿದ್ದವು. ಡ್ರಮ್ಮಿಗೆ ಉಸಿರಾಡಲು ಒಂದು ಸೂಜಿಯ ತೂತೂ ಉಳಿದಿರಲಿಲ್ಲ.

ನಮ್ಮ ತಾಯಿಯವರು ಒಲೆಯ ಮುಂದೆ ಮಣೆ ಹಾಕಿ ಚಳಿ ಕಾಸಿಕೊಳ್ಳುತ್ತಾ ಕೂತಿದ್ದರು. ದೇವರಿಗೆ ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಎದ್ದು ಹೋದರು. ಕೊಳ್ಳಿ ಮುಂದಕ್ಕೆ ತಳ್ಳಲು ನಾವು ಹಿತ್ತಿಲಿಗೆ ಬಂದು ಇನ್ನೂ ನಾಲ್ಕು ಮಾರು ದೂರದಲ್ಲಿದ್ದಾಗ ಡ್ರಮ್ಮಿನ ತಳದ ಬೆಸುಗೆ ಹರಿಯಿತು. ಒಲೆಯ ಮುಂಗೋಡೆ ಅಂಗಳಕ್ಕೆ ಬಂತು; ಕುದಿನೀರು, ಕೆಂಡ, ಆವಿ ಎಲ್ಲ ಒಟ್ಟಿಗೆ. ಅವರು ಕೂತಿದ್ದ ಮಣೆಯ ಒಂದು ಚೂರು ಮಾರನೆಯ ದಿನ ಬಾಳೆಯ ಬುಡದಲ್ಲಿ ಸಿಕ್ಕಿತು. ನಮ್ಮ ಎಡಗೈ ಮೊಣಕೈವರೆಗೆ ಬೆಂದಿತು. ಗುರುತು ಇಂದಿಗೂ ಇದೆ, ಸಂಘದ ಸಭೆಯಲ್ಲಿ ಕಂಡವರು ಕೇಳಿದ್ದಾರೆ, ನಾವು ಹೇಳಿರಲಿಲ್ಲ. ತಾಯಿಯವರು ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಆ ಒಲೆಯ ಮುಂದೆ ಮತ್ತೆ ಕೂರಲಿಲ್ಲ.

ಆದಕಾರಣ ಗಾಳಿ ಕೊಳವೆಗೆ ವಾಲ್ವ್, ನಲ್ಲಿ, ಬಿರಡೆ ಯಾವುದೂ ಕೂಡದು. ಅದರ ತುದಿಯನ್ನು ಕೆಳಮುಖವಾಗಿ ಬಗ್ಗಿಸಿ, ಸಣ್ಣ ತಂತಿ ಬಲೆ ಕಟ್ಟಿ. ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ ಅರ್ಧ ಅಂಗುಲದ ಕೊಳವೆ ಬಹಳ ಇಷ್ಟ. ವರ್ಷಕ್ಕೆರಡು ಬಾರಿ ಊದಿ ನೋಡಬೇಕು. ತಣ್ಣೀರಿನ ವಾಲ್ವ್ ಮುಚ್ಚಿದ ದಿನ ಒಲೆಗೆ ಬೆಂಕಿ ಇಲ್ಲ. ಆ ವಾಲ್ವಿನ ಹಿಡಿಯನ್ನು ಬಿಚ್ಚಿ ಒಲೆಯ ಬಾಗಿಲಿಗೇ ನೇತುಹಾಕುವುದು ನಾವು ಈಗ ಮಾಡಿಕೊಂಡಿರುವ ಕ್ರಮ. ಖಾಲಿ ಡ್ರಮ್ಮಿಗೆ ತಿಳಿಯದೆ ಬೆಂಕಿ ಹಾಕಿ ಅದು ಕಾದುಬಿಟ್ಟಿದ್ದರೆ ಗಾಬರಿಯಿಂದ ನೀರು ಬಿಡಬೇಡಿ. ಕೆಂಡ ಎಳೆದು ಹಾಕಿ, ಪೂರ್ತಿ ತಣ್ಣಗಾಗಲು ಬಿಡಿ. ಮೈ ಬೆಂದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ಆಸ್ಪತ್ರೆಗೆ ಹೋಗಬೇಕು. ಟೂತ್‌ಪೇಸ್ಟು, ಶಾಯಿ, ಎಣ್ಣೆ ಬಳಿಯಬಾರದು.

ಬಿಸಿನೀರಿಗೆ ಸಾಧಾರಣ ಪಿ.ವಿ.ಸಿ. ಪೈಪು ಹಾಕಿದರೆ ಮೆತ್ತಗಾಗಿ ಜೋಲುತ್ತದೆ; ಜಿ.ಐ. ಅಥವಾ ಬಿಸಿನೀರಿಗೆಂದೇ ಮಾಡಿದ ಸಿ.ಪಿ.ವಿ.ಸಿ. ಬೇಕು. ತಾಮ್ರದ ಡ್ರಮ್ಮಿಗೆ ಜಿ.ಐ. ಪೈಪನ್ನು ನೇರ ಸೇರಿಸಿದರೆ ಜಿ.ಐ. ಬೇಗ ತೂತಾಗುತ್ತದೆ, ನಡುವೆ ಹಿತ್ತಾಳೆಯ ಜೋಡಣೆ ಇರಲಿ. ತಳದಲ್ಲಿ ಒಂದು ನಲ್ಲಿ ಇಡಿಸಿ ತಿಂಗಳಿಗೊಮ್ಮೆ ಕೆಸರು ತೆಗೆಯಿರಿ. ತಾಮ್ರವನ್ನು ಹುಣಸೆ ಹುಳಿಯಲ್ಲಿ ತೊಳೆಯಬಹುದು. ಸತುವಿನ ಲೇಪವಿರುವ ಡ್ರಮ್ಮಿಗೆ ಹುಳಿ ಹಾಕಿದರೆ ಲೇಪವೇ ಕರಗುತ್ತದೆ.

ಕಣ, ಬೂದಿ, ಅಡಿಕೆ ಒಲೆ

ಹೊಸದಾಗಿ ಕಟ್ಟಿಸುವವರು ಗಾಳಿ ನೋಡಿ ಜಾಗ ಆರಿಸಬೇಕು. ಕಾಫಿ ಸುತ್ತಲಿನ ವಾಸನೆಯನ್ನು ಬಹಳ ಬೇಗ ಹೀರುತ್ತದೆ. ಪಾರ್ಚ್‌ಮೆಂಟ್ ಕಣದಲ್ಲಿ ಹರಡಿರುವಾಗ ಹೊಗೆ ಬಂದು ಕೂತರೆ ರುಚಿ ನೋಡುವವರಿಗೆ ಗೊತ್ತಾಗಿಯೇ ಆಗುತ್ತದೆ. ಕಾಫಿ ಒಣಗಿಸುವ ದಿನಗಳಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಲಿಂದ. ಆದ್ದರಿಂದ ಕಣದ ಪೂರ್ವಕ್ಕೆ ಬಾಯ್ಲರು ಬೇಡ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿ ಹೊಗೆಯನ್ನು ಹೊತ್ತು ತಗ್ಗಿಗೆ ಇಳಿಯುವುದೂ ಉಂಟು. ಕಣ ತಗ್ಗಿನಲ್ಲಿದ್ದರೆ ಬೆಂಕಿಯನ್ನು ಬಿಸಿಲೇರಿದ ಮೇಲೆ ಹಾಕಿ.

ಸೌದೆ ಬೂದಿಯಲ್ಲಿ ಸುಣ್ಣ ಹೇರಳವಾಗಿಯೂ ಪೊಟ್ಯಾಷ್ ಸ್ವಲ್ಪ ಮಟ್ಟಿಗೂ ಇದೆ. ನಮ್ಮ ಹುಳಿ ಮಣ್ಣಿಗೆ ಇದು ಹಿತ. ಆದರೆ ಮಳೆಗೆ ನೆನೆದರೆ ಪೊಟ್ಯಾಷ್ ತೊಳೆದು ಹೋಗುತ್ತದೆ, ಮಾಡಿನ ಕೆಳಗಿಡಿ. ಯೂರಿಯಾ ಅಥವಾ ಅಮೋನಿಯಂ ಸಲ್ಫೇಟಿನೊಡನೆ ಬೆರೆಸಿ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತದೆ. ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರಬಲ್ಲದು. ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬದೆ ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ನಾಲ್ಕು ದಿನವಿಟ್ಟು ಆಮೇಲೆ ತೋಟಕ್ಕೆ ಒಯ್ಯಬೇಕು.

ಅಡಿಕೆ ಬೇಯಿಸುವ ಒಲೆಗೂ ಮೇಲೆ ಹೇಳಿದ ಎಲ್ಲವೂ ಅನ್ವಯಿಸುತ್ತದೆ. ಅಕ್ಟೋಬರಿನ ಮಳೆಯಲ್ಲಿ ಹಸಿ ಸೌದೆ ತುರುಕಿ, ರಾತ್ರಿಯಿಡೀ ಹೊಗೆ ಕುಡಿಯುತ್ತಾ ಕೂರುವ ಆಳುಗಳ ಕಣ್ಣು ನೋಡಿದರೆ ಸಾಕು. ಹೊಗೆ ಹಿಡಿದ ಅಡಿಕೆಗೆ ಮಂಡಿಯಲ್ಲಿ ಏನು ಮರ್ಯಾದೆ ಎಂಬುದು ಸದಸ್ಯರಿಗೆ ಗೊತ್ತು. ಜಾಲರಿ, ಬಾಗಿಲು, ಎತ್ತರದ ಕೊಳವೆ, ಇಷ್ಟು ಮಾಡಿಸಿ, ಕೊಳವೆಗೆ ಹೋಗುವ ಶಾಖದ ದಾರಿಯಲ್ಲೇ ಎರಡನೆಯ ಹಂಡೆ ಕೂರಿಸಿದರೆ ಮುಂದಿನ ಪಾಕಕ್ಕೆ ನೀರು ಬಿಟ್ಟಿಯಾಗಿ ಕಾದಿರುತ್ತದೆ.

ಒಂದು ಮಾತು ಉಳಿಯಿತು. ಬಾಯ್ಲರಿನಿಂದ ಕೆಂಡವನ್ನು ಬಾಂಡಲೆಗೆ ತುಂಬಿ ಮಲಗುವ ಕೋಣೆಗೆ, ಬಾಣಂತಿಯ ಕೋಣೆಗೆ ಒಯ್ಯುವ ಪದ್ಧತಿ ನಮ್ಮಲ್ಲಿದೆ. ಹಳೆಯ ಹಂಚಿನ ಮನೆಯಲ್ಲಿ ಸಂದುಗಳಿಂದ ಗಾಳಿಯಾಡುತ್ತಿತ್ತು. ಈಗ ತಾರಸಿ, ಗಾಜಿನ ಕಿಟಕಿ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆ ಸುತ್ತು, ನಿದ್ದೆ ಬಂದಂತಾಗುವುದು, ಮಲಗಿದವರು ಏಳುವುದಿಲ್ಲ. ಮಗುವಿನ ಕೋಣೆಯನ್ನು ಬೆಚ್ಚಗಿಡಲು ಬಾಯ್ಲರಿನ ಬಿಸಿನೀರನ್ನು ರಬ್ಬರ್ ಚೀಲಕ್ಕೆ ತುಂಬಿ ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವಾಗ ತೆಗೆಯಿರಿ. ಕೆಂಡ ಹೊಸಿಲು ದಾಟುವುದು ಬೇಡ.

ಕೊಳವೆ ಗುಡಿಸುವ ತಂತಿ ಬ್ರಷ್ಷು, ನಾಲ್ಕು ಅಂಗುಲದ್ದೊಂದು ಆರು ಅಂಗುಲದ್ದೊಂದು, ಸಂಘದ ಗೋದಾಮಿನಲ್ಲಿ ಇಟ್ಟಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಎರಡು ದಿನಕ್ಕೆ ಒಯ್ಯಬಹುದು; ಬಾಡಿಗೆಯಿಲ್ಲ. ಮಸಿ ಒರೆಸಿ ಹಿಂತಿರುಗಿಸಿರಿ.